ರಾಬರ್ಟ್ ಥಾಮ್ಸನ್ ಲೀಪರ್

ರಾಬರ್ಟ್ ಥಾಮ್ಸನ್ ಲೀಪರ್ (17 ಏಪ್ರಿಲ್ 1881 – 21 ಮೇ 1969) ಸ್ಕಾಟ್ಲೆಂಡ್ ಮೂಲದ ವೈದ್ಯ ಹಾಗೂ ಪರಾವಲಂಬಿ ಹುಳುಗಳ ತಜ್ಞ. ಮನುಷ್ಯನ ದೇಹದಲ್ಲಿ ನೆಲೆಸುವ ಹುಳುಗಳು ಒಬ್ಬರಿಂದ ಮತ್ತೊಬ್ಬರಿಗೆ ಯಾವ ಮಾರ್ಗದಲ್ಲಿ ತಲುಪುತ್ತವೆ ಎಂಬುದನ್ನು ಪ್ರಯೋಗಗಳ ಮೂಲಕ ತೋರಿಸಿದವರಲ್ಲಿ ಇವರು ಪ್ರಮುಖರು. ನಾರುಹುಣ್ಣಿನ ಹುಳುವು ಕುಡಿಯುವ ನೀರಿನ ಮೂಲಕ ದೇಹವನ್ನು ಸೇರುತ್ತದೆ ಎಂಬುದನ್ನು ಕೋತಿಯ ಮೇಲೆ ನಡೆಸಿದ ಪ್ರಯೋಗದಿಂದ ಇವರು ಸಾಧಿಸಿದರು. ಈಜಿಪ್ಟಿನಲ್ಲಿ ಬಿಲ್‌ಹಾರ್ಜಿಯಾ ರೋಗವು ಸಿಹಿನೀರಿನ ಬಸವನಹುಳುಗಳ ಮೂಲಕ ಹರಡುತ್ತದೆ ಎಂಬುದನ್ನು 1915ರಲ್ಲಿ ಸ್ಥಾಪಿಸಿದರು. ಲಂಡನ್ ವಿಶ್ವವಿದ್ಯಾಲಯದಲ್ಲಿ ಹುಳುಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಲೀಪರ್, ಆ ಶಾಸ್ತ್ರವು ವೈದ್ಯವಿಜ್ಞಾನದ ಸ್ವತಂತ್ರ ಶಾಖೆಯಾಗಿ ಬೆಳೆಯಲು ಕಾರಣರಾದರು.

ಜನನ ಮತ್ತು ಶಿಕ್ಷಣ

ಲೀಪರ್ ಅವರು ಸ್ಕಾಟ್ಲೆಂಡಿನ ಕಿಲ್‌ಮಾರ್ನಾಕ್ ಪಟ್ಟಣದಲ್ಲಿ ಜನಿಸಿದರು. ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ ವೈದ್ಯಶಿಕ್ಷಣ ಪಡೆದು 1904ರಲ್ಲಿ ಪದವೀಧರರಾದರು. ವಿದ್ಯಾರ್ಥಿಯಾಗಿದ್ದಾಗಲೇ ಅವರಿಗೆ ಪ್ರಾಣಿಶಾಸ್ತ್ರದಲ್ಲಿ ಆಸಕ್ತಿ ಬೆಳೆದಿತ್ತು. ರೋಗಿಯ ಚಿಕಿತ್ಸೆಗಿಂತ ರೋಗವನ್ನು ಉಂಟುಮಾಡುವ ಜೀವಿಯ ಬದುಕನ್ನು ಅರಿಯುವುದರ ಕಡೆಗೆ ಅವರ ಒಲವು ಹೆಚ್ಚಾಗಿತ್ತು. ಆದ್ದರಿಂದ ಅವರು ವೈದ್ಯವೃತ್ತಿಯನ್ನು ಕೈಗೊಳ್ಳದೆ ಸಂಶೋಧನೆಯ ಹಾದಿಯನ್ನು ಹಿಡಿದರು.

ಲಂಡನ್ ಮತ್ತು ಕೈರೋ

ಉಷ್ಣವಲಯದ ರೋಗಗಳ ಅಧ್ಯಯನಕ್ಕೆಂದು 1899ರಲ್ಲಿ ಲಂಡನ್ನಿನಲ್ಲಿ ಒಂದು ಶಾಲೆ ಆರಂಭವಾಗಿತ್ತು. ಅದರ ಸ್ಥಾಪಕರಾದ ಪ್ಯಾಟ್ರಿಕ್ ಮ್ಯಾನ್ಸನ್, ಆನೆಕಾಲು ರೋಗದ ಹುಳುವು ಸೊಳ್ಳೆಯ ದೇಹದಲ್ಲಿ ಬೆಳೆಯುವುದನ್ನು ಕಂಡುಹಿಡಿದು ಪ್ರಸಿದ್ಧರಾಗಿದ್ದರು. ಹುಳುಗಳಿಂದ ಬರುವ ರೋಗಗಳನ್ನು ಪ್ರತ್ಯೇಕವಾಗಿ ಅಭ್ಯಸಿಸುವ ತಜ್ಞರೊಬ್ಬರು ಶಾಲೆಗೆ ಬೇಕೆಂಬುದು ಅವರ ಅಭಿಪ್ರಾಯವಾಗಿತ್ತು. ಆ ಸ್ಥಾನಕ್ಕೆ 1905ರಲ್ಲಿ ಲೀಪರ್ ನೇಮಕಗೊಂಡರು.

ತರಬೇತಿಗಾಗಿ ಲೀಪರ್ ಅವರನ್ನು ಕೈರೋದಲ್ಲಿದ್ದ ಜರ್ಮನ್ ವಿಜ್ಞಾನಿ ಆರ್ಥರ್ ಲೂಸ್ ಅವರ ಬಳಿಗೆ ಕಳುಹಿಸಲಾಯಿತು. ಕೊಕ್ಕೆಹುಳುವಿನ ಮರಿಗಳು ಚರ್ಮವನ್ನು ಕೊರೆದು ದೇಹವನ್ನು ಪ್ರವೇಶಿಸುತ್ತವೆ ಎಂಬುದನ್ನು ಕಂಡುಹಿಡಿದ ಲೂಸ್, ಆ ಕಾಲದ ಹುಳುಶಾಸ್ತ್ರಜ್ಞರಲ್ಲಿ ಅಗ್ರಗಣ್ಯರೆನಿಸಿದ್ದರು. ಹತ್ತು ವರ್ಷಗಳ ನಂತರ ಇದೇ ಗುರುವಿನ ಪ್ರಸಿದ್ಧ ಸಿದ್ಧಾಂತವೊಂದನ್ನು ಲೀಪರ್ ಅಲ್ಲಗಳೆಯಬೇಕಾಗಿ ಬಂದಿತು.

ನಾರುಹುಣ್ಣಿನ ಸಂಶೋಧನೆ

ಲೀಪರ್ ಅವರ ಮೊದಲ ದೊಡ್ಡ ಕೆಲಸ ನಾರುಹುಣ್ಣಿಗೆ ಸಂಬಂಧಿಸಿದುದು. ಈ ರೋಗವನ್ನುಂಟುಮಾಡುವ ಹೆಣ್ಣುಹುಳು 60ರಿಂದ 100 ಸೆಂಟಿಮೀಟರ್ ಉದ್ದ ಬೆಳೆಯುತ್ತದೆ. ಸೋಂಕು ತಗುಲಿದ ಸುಮಾರು ಒಂದು ವರ್ಷದ ನಂತರ ಅದು ಸಾಮಾನ್ಯವಾಗಿ ಕಾಲಿನಲ್ಲಿ ಗುಳ್ಳೆಯನ್ನೆಬ್ಬಿಸಿ ಚರ್ಮವನ್ನು ಒಡೆದು ಹೊರಬರುತ್ತದೆ. ಉರಿ ತಾಳಲಾರದೆ ರೋಗಿಯು ಕಾಲನ್ನು ನೀರಿನಲ್ಲಿ ಇಟ್ಟ ಕೂಡಲೇ ಹುಳು ಸಾವಿರಾರು ಮರಿಗಳನ್ನು ನೀರಿಗೆ ಬಿಡುತ್ತದೆ. ಹುಳುವನ್ನು ಕಡ್ಡಿಗೆ ಸುತ್ತಿ ದಿನಕ್ಕೆ ಸ್ವಲ್ಪ ಸ್ವಲ್ಪವಾಗಿ ಎಳೆದು ತೆಗೆಯುವುದು ಪ್ರಾಚೀನ ಕಾಲದಿಂದ ನಡೆದುಬಂದ ಪದ್ಧತಿ. ಇದಕ್ಕೆ ಇಂದಿಗೂ ಲಸಿಕೆಯಿಲ್ಲ. ಹುಳುವನ್ನು ಕೊಲ್ಲುವ ನಿಶ್ಚಿತವಾದ ಔಷಧವೂ ಇಲ್ಲ.

ರಷ್ಯಾದ ಅಲೆಕ್ಸಿ ಫೆಡ್‌ಚೆಂಕೊ ಅವರು ಹತ್ತೊಂಬತ್ತನೆಯ ಶತಮಾನದ ಎಂಟನೆಯ ದಶಕದ ಆರಂಭದಲ್ಲಿ ಮಧ್ಯ ಏಷ್ಯಾದಲ್ಲಿ ಈ ಹುಳುವನ್ನು ಅಭ್ಯಸಿಸಿದ್ದರು. ಅದರ ಮರಿಗಳು ನೀರಿನಲ್ಲಿರುವ ಸೈಕ್ಲಾಪ್ಸ್ ಎಂಬ ಅತಿ ಸಣ್ಣ ಕಠಿಣಚರ್ಮಿಯ ದೇಹದಲ್ಲಿ ಬೆಳೆಯುವುದನ್ನು ಅವರು ಕಂಡಿದ್ದರು. ಆದರೆ ಮುಂದಿನ ಹಂತಕ್ಕೆ ಪುರಾವೆಯಿರಲಿಲ್ಲ. ಸೈಕ್ಲಾಪ್ಸ್ ನುಂಗಿದ ಪ್ರಾಣಿಯ ದೇಹದಲ್ಲಿ ಆ ಮರಿ ನಿಜವಾಗಿಯೂ ನಾರಿನ ಹುಳುವಾಗಿ ಬೆಳೆಯುತ್ತದೆಯೇ, ಅಥವಾ ಹುಳು ಕಾಲಿನ ಚರ್ಮದ ಮೂಲಕವೇ ಒಳಸೇರುತ್ತದೆಯೇ ಎಂಬ ಪ್ರಶ್ನೆ ಉಳಿದೇ ಇತ್ತು. ಈ ಪ್ರಶ್ನೆಗೆ ವ್ಯಾವಹಾರಿಕ ಮಹತ್ವವೂ ಇತ್ತು. ಚರ್ಮದ ಮೂಲಕ ಬರುವುದಾದರೆ ಜನ ನೀರಿಗಿಳಿಯುವುದನ್ನು ತಡೆಯಬೇಕು. ಬಾಯಿಯ ಮೂಲಕ ಬರುವುದಾದರೆ ಕುಡಿಯುವ ನೀರನ್ನು ಶುದ್ಧಗೊಳಿಸಬೇಕು.

1905ರಲ್ಲಿ ಲೀಪರ್ ಪಶ್ಚಿಮ ಆಫ್ರಿಕಾದ ಗೋಲ್ಡ್ ಕೋಸ್ಟ್‌ಗೆ, ಅಂದರೆ ಇಂದಿನ ಘಾನಾಕ್ಕೆ ತೆರಳಿದರು. ಮರಿಹುಳುಗಳಿದ್ದ ಸೈಕ್ಲಾಪ್ಸ್‌ಗಳನ್ನು ಅವರು ಶೇಕಡಾ 0.2ರಷ್ಟು ಹೈಡ್ರೋಕ್ಲೋರಿಕ್ ಆಮ್ಲವಿದ್ದ ದ್ರಾವಣಕ್ಕೆ ಹಾಕಿದರು. ಇದು ಜಠರರಸದ ಆಮ್ಲೀಯತೆಯನ್ನು ಅನುಕರಿಸುವ ಉಪಾಯವಾಗಿತ್ತು. ಸೈಕ್ಲಾಪ್ಸ್‌ಗಳು ಕೂಡಲೇ ಸತ್ತವು. ಅವುಗಳೊಳಗೆ ನಿಶ್ಚಲವಾಗಿದ್ದ ಮರಿಹುಳುಗಳು ಮಾತ್ರ ಚುರುಕುಗೊಂಡು ಹೊರಬಂದವು. ಮನುಷ್ಯನು ನೀರಿನೊಡನೆ ಸೈಕ್ಲಾಪ್ಸ್ ನುಂಗಿದಾಗ ಹೊಟ್ಟೆಯಲ್ಲಿ ನಡೆಯುವುದು ಇದೇ ಎಂದು ಅವರು ತರ್ಕಿಸಿದರು.

ಕೋತಿಯ ಮೇಲಿನ ಪ್ರಯೋಗ

ತರ್ಕಕ್ಕೆ ಪುರಾವೆ ಒದಗಿಸಲು ಲೀಪರ್ ಸೋಂಕಿತ ಸೈಕ್ಲಾಪ್ಸ್‌ಗಳನ್ನು ಕೋತಿಯೊಂದಕ್ಕೆ ತಿನ್ನಿಸಿದರು. ಆರು ತಿಂಗಳ ನಂತರ ಅದರ ಶವಪರೀಕ್ಷೆ ನಡೆಸಿದಾಗ, ಮನುಷ್ಯರಲ್ಲಿ ಕಾಣುವಂಥದೇ ಹುಳುಗಳು ಅದರ ದೇಹದಲ್ಲಿ ದೊರೆತವು. ಹೆಣ್ಣುಹುಳುಗಳ ಒಳಗೆ ಮರಿಗಳೂ ಇದ್ದವು. 1906 ಮತ್ತು 1907ರಲ್ಲಿ ಪ್ರಕಟವಾದ ಈ ಫಲಿತಾಂಶಗಳಿಂದ ನಾರುಹುಣ್ಣಿನ ಜೀವನಚಕ್ರದ ಕಳಚಿದ್ದ ಕೊಂಡಿ ಕೂಡಿಕೊಂಡಿತು. ರೋಗಿಯ ಕಾಲಿನಿಂದ ನೀರಿಗೆ, ನೀರಿನಿಂದ ಸೈಕ್ಲಾಪ್ಸ್‌ಗೆ, ಅಲ್ಲಿಂದ ಕುಡಿಯುವವರ ಹೊಟ್ಟೆಗೆ ಎಂಬ ಮಾರ್ಗ ಸ್ಪಷ್ಟವಾಯಿತು.

ಮನುಷ್ಯರ ಮೇಲೆ ನಡೆಸಲಾಗದ ಪರೀಕ್ಷೆಯನ್ನು ದೇಹರಚನೆಯಲ್ಲಿ ಮನುಷ್ಯನಿಗೆ ಹತ್ತಿರವಾದ ಪ್ರಾಣಿಯ ಮೇಲೆ ನಡೆಸುವುದು ಆ ಕಾಲದ ರೂಢಿಯಾಗಿತ್ತು. ಒಂದು ಕೋತಿಯ ಪ್ರಾಣವನ್ನು ತೆತ್ತು ಪಡೆದ ಈ ಉತ್ತರದಲ್ಲಿ ಇನ್ನೊಂದು ಸಂಗತಿಯೂ ಅಡಗಿತ್ತು. ಮನುಷ್ಯನ ಹುಳುವು ಕೋತಿಯ ದೇಹದಲ್ಲಿಯೂ ಬೆಳೆದು ಮರಿಗಳನ್ನು ಧರಿಸಬಲ್ಲುದಾದರೆ, ಕಾಡಿನ ಕೋತಿಗಳೂ ಆ ರೋಗದ ನೆಲೆಗಳಾಗಬಹುದು. ಪ್ರಯೋಗದ ಈ ಅಂಶದ ಪೂರ್ಣ ಮಹತ್ವ ತಿಳಿದುಬರಲು ನೂರು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು.

ಲೋವಾ ಹುಳು ಮತ್ತು ವರ್ಗೀಕರಣ

ಲೋವಾ ಎಂಬುದು ಮಧ್ಯ ಮತ್ತು ಪಶ್ಚಿಮ ಆಫ್ರಿಕಾದ ಮಳೆಕಾಡುಗಳಲ್ಲಿ ಕಂಡುಬರುವ ಹುಳು. ಇದು ಚರ್ಮದ ಅಡಿಯಲ್ಲಿ ಸಂಚರಿಸುತ್ತದೆ. ಕೆಲವೊಮ್ಮೆ ಕಣ್ಣಿನ ಬಿಳಿಯ ಭಾಗವನ್ನು ದಾಟಿ ಹೋಗುವುದು ಬರಿಗಣ್ಣಿಗೇ ಕಾಣುತ್ತದೆ. ಇದರ ವಾಹಕ ಯಾವುದೆಂದು ಹುಡುಕುತ್ತ ಪಶ್ಚಿಮ ಆಫ್ರಿಕಾಕ್ಕೆ ಹೋದ ಲೀಪರ್, ರಕ್ತ ಹೀರುವ ಅನೇಕ ಕೀಟಗಳನ್ನು ಪರೀಕ್ಷಿಸಿದರು. ಕ್ರೈಸಾಪ್ಸ್ ಕುಲದ ನೊಣಗಳಲ್ಲಿ ಲೋವಾದ ಮರಿಗಳು ಬೆಳೆಯುತ್ತವೆ ಎಂದು 1913ರಲ್ಲಿ ಅವರು ತಿಳಿಸಿದರು. ನಂತರದ ಸಂಶೋಧಕರು ಇದನ್ನು ದೃಢಪಡಿಸಿದರು.

ಹುಳುಗಳ ವರ್ಗೀಕರಣದಲ್ಲಿಯೂ ಲೀಪರ್ ಕೆಲಸ ಮಾಡಿದರು. 1913ರಲ್ಲಿ ಅವರು ಸ್ಥಾಪಿಸಿದ ಗ್ಯಾಸ್ಟ್ರೋಡಿಸ್ಕಾಯ್ಡಿಸ್ ಎಂಬ ಕುಲವು ಭಾರತಕ್ಕೆ ಸಂಬಂಧಿಸಿದ್ದು. ಅಸ್ಸಾಮಿನಲ್ಲಿ ಮನುಷ್ಯರ ಕರುಳಿನಲ್ಲಿ ಕಂಡುಬರುವ ಈ ಚಪ್ಪಟೆ ಹುಳುವನ್ನು ಲೂಯಿಸ್ ಮತ್ತು ಮೆಕಾನೆಲ್ ಎಂಬ ವೈದ್ಯರು 1876ರಲ್ಲಿ ಮೊದಲು ವರ್ಣಿಸಿದ್ದರು. ಹಂದಿಗಳು ಇದರ ಮುಖ್ಯ ಪ್ರಾಣಿ ಆತಿಥೇಯರು. ಕೋತಿಗಳಲ್ಲಿಯೂ ಇದು ದೊರೆತಿದೆ.

ಚೀನಾ ಮತ್ತು ಜಪಾನ್ ಪ್ರವಾಸ

ಬಿಲ್‌ಹಾರ್ಜಿಯಾ ರೋಗದ ಹುಳುವನ್ನು ಜರ್ಮನ್ ವೈದ್ಯ ಥಿಯೋಡೋರ್ ಬಿಲ್‌ಹಾರ್ಜ್ 1851ರಲ್ಲಿ ಕೈರೋದಲ್ಲಿ ಕಂಡುಹಿಡಿದಿದ್ದರು. ರಕ್ತನಾಳಗಳಲ್ಲಿ ವಾಸಿಸುವ ಈ ಹುಳುವಿನ ಮೊಟ್ಟೆಗಳು ಮೂತ್ರಕೋಶವನ್ನು ಅಥವಾ ಕರುಳನ್ನು ಘಾಸಿಗೊಳಿಸುತ್ತವೆ. ಮೂತ್ರದಲ್ಲಿ ರಕ್ತ ಹೋಗುವುದು ಈಜಿಪ್ಟಿನ ರೈತರಲ್ಲಿ ಸಾಮಾನ್ಯವಾಗಿತ್ತು. ಬಿಲ್‌ಹಾರ್ಜ್ ನಂತರ ಅರವತ್ತು ವರ್ಷಗಳು ಕಳೆದರೂ ಹುಳು ಮನುಷ್ಯನನ್ನು ಹೇಗೆ ಸೇರುತ್ತದೆ ಎಂಬುದು ತಿಳಿದಿರಲಿಲ್ಲ.

ಈ ಹುಳುವಿನ ಪೂರ್ವ ಏಷ್ಯಾದ ಪ್ರಭೇದವನ್ನು ಅಭ್ಯಸಿಸಲು ಲೀಪರ್ 1914ರಲ್ಲಿ ಚೀನಾಕ್ಕೆ ಹೊರಟರು. ಅವರೊಡನೆ ಇದ್ದವರು ನೌಕಾಪಡೆಯ ವೈದ್ಯ ಎಡ್ವರ್ಡ್ ಅಟ್ಕಿನ್‌ಸನ್. ಇವರು ಕ್ಯಾಪ್ಟನ್ ಸ್ಕಾಟ್ ಅವರ ಕೊನೆಯ ದಕ್ಷಿಣ ಧ್ರುವ ಯಾತ್ರೆಯಲ್ಲಿ ಭಾಗವಹಿಸಿದ್ದವರು. ಅಷ್ಟರಲ್ಲಿ ಜಪಾನಿನ ಮಿಯಾಇರಿ ಮತ್ತು ಸುಜುಕಿ ಎಂಬ ವಿಜ್ಞಾನಿಗಳು 1913ರಲ್ಲಿಯೇ ಆ ಪ್ರಭೇದದ ಮರಿಗಳು ಬಸವನಹುಳುವಿನ ದೇಹದಲ್ಲಿ ಬೆಳೆಯುತ್ತವೆ ಎಂಬುದನ್ನು ಕಂಡುಹಿಡಿದಿದ್ದರು. ಲೀಪರ್ ಜಪಾನಿಗೆ ಹೋಗಿ ಈ ಶೋಧವನ್ನು ತಾವೇ ಪರಿಶೀಲಿಸಿ ಒಪ್ಪಿಕೊಂಡರು. ಮೊದಲನೆಯ ಮಹಾಯುದ್ಧ ಆರಂಭವಾದುದರಿಂದ ಈ ಪ್ರವಾಸ ಮೊಟಕಾಯಿತು.

ಈಜಿಪ್ಟಿನಲ್ಲಿ ಬಿಲ್‌ಹಾರ್ಜಿಯಾ ಸಂಶೋಧನೆ

ಯುದ್ಧದಿಂದಾಗಿ ಸಾವಿರಾರು ಬ್ರಿಟಿಷ್ ಸೈನಿಕರು ಈಜಿಪ್ಟಿನಲ್ಲಿ ಬೀಡುಬಿಟ್ಟರು. ಹಿಂದೆ ಬೋಯರ್ ಯುದ್ಧಕ್ಕೆಂದು ದಕ್ಷಿಣ ಆಫ್ರಿಕಾಕ್ಕೆ ಹೋಗಿದ್ದ ಅನೇಕ ಸೈನಿಕರು ಬಿಲ್‌ಹಾರ್ಜಿಯಾ ಹೊತ್ತು ಮರಳಿದ್ದರು. ಅದೇ ಅನುಭವ ಮರುಕಳಿಸಬಹುದೆಂಬ ಭಯದಿಂದ ಯುದ್ಧ ಇಲಾಖೆಯು 1915ರ ಆರಂಭದಲ್ಲಿ ಲೀಪರ್ ಅವರನ್ನು ಈಜಿಪ್ಟಿಗೆ ಕಳುಹಿಸಿತು.

ಈ ವಿಷಯದಲ್ಲಿ ಅಂದು ಪ್ರಬಲವಾಗಿದ್ದುದು ಲೂಸ್ ಅವರ ಸಿದ್ಧಾಂತ. ಮೊಟ್ಟೆಯಿಂದ ಹೊರಬಂದ ಮರಿಯು ನೇರವಾಗಿ ಮನುಷ್ಯನ ಚರ್ಮವನ್ನು ಕೊರೆದು ಒಳಸೇರುತ್ತದೆ, ನಡುವೆ ಬೇರೆ ಪ್ರಾಣಿಯ ಅಗತ್ಯವಿಲ್ಲ ಎಂದು ಅವರು ಪ್ರತಿಪಾದಿಸಿದ್ದರು. ಕೊಕ್ಕೆಹುಳುವಿನ ವಿಷಯದಲ್ಲಿ ಚರ್ಮಪ್ರವೇಶವನ್ನು ಸಾಧಿಸಿ ತೋರಿಸಿದ ವಿಜ್ಞಾನಿಯ ಮಾತಾದುದರಿಂದ ಅದಕ್ಕೆ ತೂಕವಿತ್ತು. ಹುಳುವಿನ ಮೊಟ್ಟೆಗಳು ಎರಡು ಬಗೆಯಾಗಿದ್ದುದೂ ವಿವಾದಕ್ಕೆ ಕಾರಣವಾಗಿತ್ತು. ಕೆಲವು ಮೊಟ್ಟೆಗಳ ಮುಳ್ಳು ತುದಿಯಲ್ಲಿಯೂ ಕೆಲವುಗಳ ಮುಳ್ಳು ಪಕ್ಕದಲ್ಲಿಯೂ ಇರುತ್ತಿತ್ತು. ಎರಡೂ ಒಂದೇ ಹುಳುವಿನವು ಎಂಬುದು ಲೂಸ್ ಅವರ ವಾದ. ಇವು ಬೇರೆಬೇರೆ ಪ್ರಭೇದಗಳೆಂದು ಭಾವಿಸಿದ ಲೂಯಿ ಸ್ಯಾಂಬನ್, ಪಕ್ಕಮುಳ್ಳಿನ ಮೊಟ್ಟೆಯ ಹುಳುವಿಗೆ 1907ರಲ್ಲಿ ಮ್ಯಾನ್ಸನ್ ಅವರ ಹೆಸರನ್ನಿಟ್ಟಿದ್ದರು.

ಲೀಪರ್ ಮತ್ತು ಅವರ ಸಹಾಯಕರು ಕೈರೋ ಸಮೀಪದ ಎಲ್ ಮಾರ್ಗ್ ಎಂಬ ಹಳ್ಳಿಯನ್ನು ಕಾರ್ಯಕ್ಷೇತ್ರವಾಗಿ ಆರಿಸಿಕೊಂಡರು. ಅಲ್ಲಿನ ಕಾಲುವೆಗಳಲ್ಲಿ ದೊರೆಯುವ ಬಸವನಹುಳುಗಳನ್ನು ಸಂಗ್ರಹಿಸಿ, ಅವುಗಳ ಒಳಗಿದ್ದ ಮರಿಹುಳುಗಳನ್ನು ಪ್ರಯೋಗಾಲಯದ ಪ್ರಾಣಿಗಳಿಗೆ ತಗುಲಿಸಿದರು. ಇಲಿಗಳೊಂದಿಗೆ ಕೋತಿಗಳನ್ನೂ ಇದಕ್ಕೆ ಬಳಸಲಾಯಿತು. ಫಲಿತಾಂಶ ಎರಡು ಪ್ರಶ್ನೆಗಳಿಗೂ ಏಕಕಾಲದಲ್ಲಿ ಉತ್ತರ ನೀಡಿತು. ಬುಲೈನಸ್ ಕುಲದ ಬಸವನಹುಳುಗಳಿಂದ ಬಂದ ಮರಿಗಳು ತುದಿಮುಳ್ಳಿನ ಮೊಟ್ಟೆಯಿಡುವ ಹುಳುಗಳಾದವು. ಪ್ಲಾನಾರ್ಬಿಸ್ ಎಂದು ಅಂದು ಕರೆಯಲಾಗುತ್ತಿದ್ದ, ಇಂದು ಬಯೋಮ್‌ಫಲೇರಿಯಾ ಎನಿಸಿರುವ ಬಸವನಹುಳುಗಳಿಂದ ಬಂದ ಮರಿಗಳು ಪಕ್ಕಮುಳ್ಳಿನ ಮೊಟ್ಟೆಯಿಡುವ ಹುಳುಗಳಾದವು. ಪ್ರಭೇದಗಳು ಎರಡು, ಅವುಗಳನ್ನು ಹೊರುವ ಬಸವನಹುಳುಗಳೂ ಎರಡು ಬಗೆ. ಬಸವನಹುಳುವಿಲ್ಲದೆ ರೋಗವಿಲ್ಲ ಎಂಬುದು ಖಚಿತವಾಯಿತು.

ಸೈನಿಕರಿಗೆ ಲೀಪರ್ ನೀಡಿದ ಸಲಹೆಗಳು ಈ ಅರಿವಿನಿಂದಲೇ ಹುಟ್ಟಿದವು. ಬಸವನಹುಳುವಿನಿಂದ ಹೊರಬಂದ ಮರಿಗಳು ಸುಮಾರು ಎರಡು ದಿನಗಳಲ್ಲಿ ಸಾಯುತ್ತವೆ. ಆದ್ದರಿಂದ ಬಸವನಹುಳುಗಳಿಲ್ಲದ ತೊಟ್ಟಿಯಲ್ಲಿ ಅಷ್ಟು ಕಾಲ ಸಂಗ್ರಹಿಸಿಟ್ಟ ನೀರು ಸುರಕ್ಷಿತ. ಕಾಲುವೆಯಲ್ಲಿ ಸ್ನಾನ ಮಾಡುವುದು ಅಪಾಯಕರ. ಬಸವನಹುಳುಗಳನ್ನು ನಾಶಗೊಳಿಸಿದರೆ ರೋಗದ ಸರಪಳಿ ಕಡಿದುಬೀಳುತ್ತದೆ.

ವಿವಾದ

ಯುದ್ಧದ ಕಾರಣದಿಂದ ಲೂಸ್ ಈಜಿಪ್ಟನ್ನು ಬಿಟ್ಟು ಜರ್ಮನಿಗೆ ಮರಳಬೇಕಾಯಿತು. ಅವರ ಅನುಪಸ್ಥಿತಿಯಲ್ಲಿ, ಅವರು ಬಹುಕಾಲ ದುಡಿದ ನೆಲದಲ್ಲಿಯೇ, ಅವರ ಹಳೆಯ ವಿದ್ಯಾರ್ಥಿ ಈ ಪ್ರಶ್ನೆಯನ್ನು ಇತ್ಯರ್ಥಗೊಳಿಸಿದರು. ಲೂಸ್ 1923ರಲ್ಲಿ ನಿಧನರಾದರು. ಬಸವನಹುಳುವಿನ ಪಾತ್ರವನ್ನು ಮೊದಲು ತೋರಿಸಿದ ಶ್ರೇಯಸ್ಸು ಜಪಾನಿನ ವಿಜ್ಞಾನಿಗಳಿಗೆ ಸಲ್ಲಬೇಕು. ಆಫ್ರಿಕಾದ ಎರಡು ಪ್ರಭೇದಗಳ ಜೀವನಚಕ್ರವನ್ನು ಬಿಡಿಸಿದ ಶ್ರೇಯಸ್ಸು ಲೀಪರ್ ಅವರದು.

ಸಂಸ್ಥೆಗಳು ಮತ್ತು ಗೌರವಗಳು

ಯುದ್ಧಾನಂತರ ಲೀಪರ್ ಲಂಡನ್ ವಿಶ್ವವಿದ್ಯಾಲಯದಲ್ಲಿ ಹುಳುಶಾಸ್ತ್ರದ ಪ್ರಾಧ್ಯಾಪಕರಾದರು. 1923ರಲ್ಲಿ ಅವರು ಜರ್ನಲ್ ಆಫ್ ಹೆಲ್ಮಿಂತಾಲಜಿ ಎಂಬ ನಿಯತಕಾಲಿಕವನ್ನು ಆರಂಭಿಸಿ ದೀರ್ಘಕಾಲ ನಡೆಸಿದರು. ಅದೇ ವರ್ಷ ರಾಯಲ್ ಸೊಸೈಟಿಯ ಫೆಲೋ ಆಗಿ ಆಯ್ಕೆಯಾದರು.

ಹುಳುಗಳಿಂದ ಪೀಡಿತರಾಗುವವರು ಮನುಷ್ಯರಷ್ಟೇ ಅಲ್ಲ. ದನಕರು, ಕುರಿಗಳು ಮತ್ತು ಬೆಳೆಗಳೂ ಅವುಗಳಿಗೆ ತುತ್ತಾಗುತ್ತವೆ. ಈ ಕಾರಣದಿಂದ ಲೀಪರ್ ಕೃಷಿಗೆ ಸಂಬಂಧಿಸಿದ ಹುಳುಗಳ ಅಧ್ಯಯನಕ್ಕೂ ಒತ್ತು ಕೊಟ್ಟರು. ಲಂಡನ್ನಿನ ಉತ್ತರಕ್ಕಿರುವ ಸೇಂಟ್ ಆಲ್ಬನ್ಸ್ ಪಟ್ಟಣದ ವಿಂಚಸ್ ಫಾರ್ಮ್ ಈ ಕೆಲಸದ ಕೇಂದ್ರವಾಯಿತು. ಜಗತ್ತಿನ ನಾನಾ ಭಾಗಗಳ ಸಂಶೋಧನೆಗಳನ್ನು ಸಂಗ್ರಹಿಸಿ ಹಂಚುವ ಮಾಹಿತಿ ಕೇಂದ್ರವೊಂದು 1929ರಲ್ಲಿ ಸೇಂಟ್ ಆಲ್ಬನ್ಸ್‌ನಲ್ಲಿ ಆರಂಭವಾಯಿತು. ಅದರ ವತಿಯಿಂದ 1932ರಿಂದ ಸಂಶೋಧನಾ ಸಾರಾಂಶಗಳ ಪತ್ರಿಕೆಯೂ ಹೊರಬಂದಿತು. ದೂರದ ವಸಾಹತುಗಳಲ್ಲಿ ಗ್ರಂಥಾಲಯವಿಲ್ಲದೆ ದುಡಿಯುತ್ತಿದ್ದ ವೈದ್ಯರಿಗೆ ಮತ್ತು ಪಶುವೈದ್ಯರಿಗೆ ಇದರಿಂದ ಪ್ರಯೋಜನವಾಯಿತು.

1941ರಲ್ಲಿ ಬ್ರಿಟಿಷ್ ಸರ್ಕಾರವು ಅವರಿಗೆ ಸಿ.ಎಂ.ಜಿ. ಗೌರವವನ್ನು ನೀಡಿತು. ಎರಡನೆಯ ಮಹಾಯುದ್ಧದ ನಂತರ ಅವರು ಪ್ರಾಧ್ಯಾಪಕ ಹುದ್ದೆಯಿಂದ ನಿವೃತ್ತರಾದರು. 1969ರ ಮೇ 21ರಂದು, ತಮ್ಮ 88ನೆಯ ವಯಸ್ಸಿನಲ್ಲಿ ನಿಧನರಾದರು.

ಕಾಡುಕೋತಿಗಳು ಮತ್ತು ಮಾನವರ ರೋಗಗಳು

ಲೀಪರ್ ಬಿಡಿಸಿದ ಮೂರು ಜೀವನಚಕ್ರಗಳಲ್ಲಿಯೂ ಕೋತಿಗಳಿಗೆ ಸ್ಥಾನವಿದೆ ಎಂಬುದು ನಂತರದ ಅಧ್ಯಯನಗಳಿಂದ ತಿಳಿದುಬಂದಿದೆ. ಆದರೆ ಅಪಾಯದ ಪ್ರಮಾಣ ಎಲ್ಲ ಕಡೆಗಳಲ್ಲಿಯೂ ಒಂದೇ ಅಲ್ಲ.

ಲೋವಾ: ಕ್ಯಾಮರೂನಿನ ಕಾಡುಗಳ ಡ್ರಿಲ್ ಮುಂತಾದ ಕೋತಿಗಳಲ್ಲಿ ಲೋವಾ ಹುಳು ಸಾಮಾನ್ಯವೆಂದು 1950ರ ದಶಕದಲ್ಲಿ ತಿಳಿಯಿತು. ಆದರೆ ಮನುಷ್ಯರಲ್ಲಿರುವ ಬಗೆಯ ಮರಿಗಳು ಹಗಲಿನಲ್ಲಿಯೂ ಕೋತಿಗಳಲ್ಲಿರುವ ಬಗೆಯ ಮರಿಗಳು ರಾತ್ರಿಯಲ್ಲಿಯೂ ರಕ್ತದಲ್ಲಿ ಸಂಚರಿಸುತ್ತವೆ. ಅವುಗಳನ್ನು ಹರಡುವ ನೊಣಗಳೂ ಬೇರೆ. ಕೋತಿಗಳ ನೊಣಗಳು ಕತ್ತಲಾದ ಮೇಲೆ ಮರಗಳ ಮೇಲ್ಭಾಗದಲ್ಲಿ ಕಚ್ಚುತ್ತವೆ. ಹೀಗಾಗಿ ಎರಡು ಚಕ್ರಗಳು ಬಹುಮಟ್ಟಿಗೆ ಪ್ರತ್ಯೇಕವಾಗಿ ಉಳಿದಿವೆ.

ಬಿಲ್‌ಹಾರ್ಜಿಯಾ: ಕರುಳಿನ ಬಿಲ್‌ಹಾರ್ಜಿಯಾವನ್ನುಂಟುಮಾಡುವ ಪ್ರಭೇದವು ಪೂರ್ವ ಆಫ್ರಿಕಾದ ಬಬೂನ್‌ಗಳಲ್ಲಿ ಸ್ವಾಭಾವಿಕವಾಗಿಯೇ ಕಂಡುಬಂದಿದೆ. ಬಬೂನ್‌ಗಳು ಜನರು ಬಳಸುವ ಹಳ್ಳಕೊಳ್ಳಗಳಿಗೇ ಬಂದು ನೀರು ಕುಡಿಯುತ್ತವೆ. ಮನುಷ್ಯರಿಗೆ ಔಷಧ ಕೊಟ್ಟು ಗುಣಪಡಿಸಿದರೂ ಕಾಡಿನ ಬಬೂನ್‌ಗಳ ಮಲದಿಂದ ಮೊಟ್ಟೆಗಳು ನೀರನ್ನು ಸೇರುತ್ತಲೇ ಇರಬಹುದು.

ನಾರುಹುಣ್ಣು: ಅತ್ಯಂತ ಮಹತ್ವದ ಉದಾಹರಣೆ ಇದು. 1980ರ ದಶಕದ ಮಧ್ಯಭಾಗದಲ್ಲಿ ಆಫ್ರಿಕಾ ಮತ್ತು ಏಷ್ಯಾಗಳಲ್ಲಿ ವರ್ಷಕ್ಕೆ ಸುಮಾರು 35 ಲಕ್ಷ ಜನರಿಗೆ ಈ ರೋಗ ಬರುತ್ತಿತ್ತೆಂಬ ಅಂದಾಜಿದೆ. ನೀರನ್ನು ಬಟ್ಟೆಯಲ್ಲಿ ಸೋಸುವುದು, ರೋಗಿಗಳು ಕೆರೆಬಾವಿಗಳಿಗೆ ಇಳಿಯದಂತೆ ತಡೆಯುವುದು ಮುಂತಾದ ಸರಳ ಕ್ರಮಗಳಿಂದ 2023ರಲ್ಲಿ ಜಗತ್ತಿನಲ್ಲಿ ವರದಿಯಾದ ಮಾನವ ಪ್ರಕರಣಗಳು 14ಕ್ಕೆ ಇಳಿದವು. ಮನುಷ್ಯನನ್ನು ಬಿಟ್ಟು ಈ ಹುಳುವಿಗೆ ಬೇರೆ ಮುಖ್ಯ ಆಸರೆಯಿಲ್ಲ ಎಂಬ ನಂಬಿಕೆಯ ಮೇಲೆ ನಿರ್ಮೂಲನ ಕಾರ್ಯಕ್ರಮ ನಿಂತಿತ್ತು. ಆದರೆ ಚಾಡ್ ದೇಶದಲ್ಲಿ ನಾಯಿಗಳಲ್ಲಿಯೂ, ಇಥಿಯೋಪಿಯಾದ ಗಂಬೆಲ್ಲಾ ಪ್ರದೇಶದಲ್ಲಿ ನಾಯಿಗಳೊಂದಿಗೆ ಕಾಡಿನ ಬಬೂನ್‌ಗಳಲ್ಲಿಯೂ ಅದೇ ಹುಳು ಪತ್ತೆಯಾಯಿತು. ನಾಯಿಯನ್ನು ಕಟ್ಟಿಹಾಕಬಹುದು, ಕಾಡಿನಲ್ಲಿ ಅಲೆಯುವ ಬಬೂನ್ ಹಿಂಡು ಕೊಳಕ್ಕೆ ಬಾರದಂತೆ ತಡೆಯುವುದು ಕಷ್ಟ. ಆದ್ದರಿಂದ ಅಂಥ ಕೊಳಗಳಿಗೆ ಸೈಕ್ಲಾಪ್ಸ್‌ಗಳನ್ನು ಕೊಲ್ಲುವ ಟೆಮೆಫಾಸ್ ಎಂಬ ರಾಸಾಯನಿಕವನ್ನು ಬಳಸಲಾಗುತ್ತಿದೆ. ಹುಳು ಕೋತಿಯ ದೇಹದಲ್ಲಿ ಬೆಳೆಯಬಲ್ಲುದೆಂದು ಲೀಪರ್ ಪ್ರಯೋಗದಿಂದ ತೋರಿಸಿದ್ದು ಕಾಡಿನಲ್ಲಿ ತಾನಾಗಿಯೇ ನಡೆಯುತ್ತಿರುವುದು ಹೀಗೆ ಗೊತ್ತಾಯಿತು.

ಈ ಸೋಂಕುಗಳಲ್ಲಿ ಕೋತಿಯನ್ನು ಮುಟ್ಟುವುದರಿಂದ ರೋಗ ಬರುವುದಿಲ್ಲ. ಹುಳುವಿಗೆ ನಡುವೆ ಸೈಕ್ಲಾಪ್ಸ್, ಬಸವನಹುಳು ಅಥವಾ ನೊಣ ಬೇಕೇ ಬೇಕು. ಕೋತಿಗಳನ್ನು ಕೊಲ್ಲುವುದು ಇದಕ್ಕೆ ಪರಿಹಾರವಲ್ಲ. ಮಧ್ಯದ ಕೊಂಡಿಯನ್ನು ಕಡಿಯುವುದೇ ಪರಿಹಾರ. ಲೀಪರ್ ಅವರ ಕೆಲಸದಿಂದ ದೊರೆತ ಮುಖ್ಯ ತಿಳಿವಳಿಕೆಯೂ ಇದೇ.

ಭಾರತ ಮತ್ತು ಕರ್ನಾಟಕ

ಭಾರತದಲ್ಲಿ ನಾರುಹುಣ್ಣು ರಾಜಸ್ಥಾನ, ಗುಜರಾತ್, ಮಧ್ಯಪ್ರದೇಶ, ಮಹಾರಾಷ್ಟ್ರ, ಆಂಧ್ರಪ್ರದೇಶ, ತಮಿಳುನಾಡು ಮತ್ತು ಕರ್ನಾಟಕಗಳಲ್ಲಿತ್ತು. ಜನರು ಮೆಟ್ಟಿಲಿಳಿದು ನೀರು ತುಂಬಿಕೊಳ್ಳುವ ಬಾವಿಗಳು ರೋಗ ಹರಡುವ ಮುಖ್ಯ ಸ್ಥಳಗಳಾಗಿದ್ದವು. ಕೊಡ ಹಿಡಿದು ಇಳಿದವರ ಕಾಲು ನೀರನ್ನು ಮುಟ್ಟುತ್ತಿತ್ತು. ಅದೇ ನೀರು ಮನೆಮನೆಗೆ ಹೋಗುತ್ತಿತ್ತು. 1980ರ ದಶಕದಲ್ಲಿ ಆರಂಭವಾದ ರಾಷ್ಟ್ರೀಯ ನಿರ್ಮೂಲನ ಕಾರ್ಯಕ್ರಮದಲ್ಲಿ ಇಂಥ ಬಾವಿಗಳನ್ನು ಸೇದುವ ಬಾವಿಗಳನ್ನಾಗಿ ಪರಿವರ್ತಿಸಲಾಯಿತು, ಕೊಳವೆ ಬಾವಿಗಳನ್ನು ತೋಡಲಾಯಿತು, ನೀರನ್ನು ಸೋಸಿ ಕುಡಿಯುವುದನ್ನು ಹಳ್ಳಿಹಳ್ಳಿಗಳಲ್ಲಿ ಕಲಿಸಲಾಯಿತು. ದೇಶದ ಕೊನೆಯ ಪ್ರಕರಣ 1996ರ ಜುಲೈ ತಿಂಗಳಿನಲ್ಲಿ ರಾಜಸ್ಥಾನದಲ್ಲಿ ವರದಿಯಾಯಿತು. ವಿಶ್ವ ಆರೋಗ್ಯ ಸಂಸ್ಥೆಯು 2000ದ ಫೆಬ್ರವರಿಯಲ್ಲಿ ಭಾರತವನ್ನು ನಾರುಹುಣ್ಣು ಮುಕ್ತ ದೇಶವೆಂದು ಪ್ರಮಾಣೀಕರಿಸಿತು. ಕರ್ನಾಟಕದ ಹಳ್ಳಿಗಳ ಹಿರಿಯರಿಗೆ ಪರಿಚಿತವಾಗಿದ್ದ ಈ ರೋಗದ ಹೆಸರು ಇಂದಿನ ಮಕ್ಕಳಿಗೆ ಪಠ್ಯಪುಸ್ತಕದ ಪದವಾಗಿ ಮಾತ್ರ ಉಳಿದಿದೆ.